ಬಡ್ತಿ ಬೇಡದ ಸ್ವರಗಳು

ಸಂಗೀತದ ಪಾಠಕ್ಕೆ ಸೇರಿದ ಯಾವ ಮಗುವೂ ಸರಳೆ ವರಸೆಯನ್ನು ಸರಳೆ ವರಸೆಗಾಗಿ ಹಾಡುವುದಿಲ್ಲ. ಜಂಟಿ ವರಸೆಗೆ ಹೋಗಬೇಕಲ್ಲ ಎಂದು ಹಾಡುತ್ತದೆ. ಅಲಂಕಾರಕ್ಕಾಗಿ ಜಂಟಿ ವರಸೆಯನ್ನು, ಗೀತೆಗಾಗಿ ಅಲಂಕಾರವನ್ನು, ವರ್ಣಕ್ಕಾಗಿ ಗೀತೆಯನ್ನು ಸಹಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಎಸ್ಸೆಸ್ಸೆಲ್ಸಿ ಬಂದು ಸಂಗೀತವೇ ನಿಂತುಹೋಗುತ್ತದೆ. ನಮ್ಮಕ್ಕ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತಿದ್ದ ಕಾಲದಲ್ಲಿ ಗೋಡೆಯ ಈಚೆಗೆ ಮಗ್ಗಿ ಬರೆಯುವ ಸೋಗಿನಲ್ಲಿ ಕೂತಿರುತ್ತಿದ್ದ ನನಗೆ ಮೊದಲನೆಯ ಮೆಟ್ಟಿಲೇ ಸಾಕಾಗಿತ್ತು. ಮಾಯಾಮಾಳವಗೌಳದ ಎಂಟು ಸ್ವರ, ಆದಿತಾಳದ ಎಂಟು ಅಕ್ಷರ. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ನಾಲ್ಕಾರು ಸಲ ಆಗುವಷ್ಟರಲ್ಲಿ ನನ್ನ ಬಳಪ ಸ್ಲೇಟಿನ ಮೇಲೆ ನಿಂತುಬಿಡುತ್ತಿತ್ತು; ಕಣ್ಣು ತೆರೆದೇ ಇರುತ್ತಿತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಇನ್ನೇನು ಆ ಮಂಪರು ಹದಕ್ಕೆ ಬರಬೇಕು, ಅಷ್ಟರಲ್ಲಿ ಮೇಷ್ಟ್ರು "ಸರಿ, ಇನ್ನು ಎರಡನೇ ವರಸೆ" ಎನ್ನುತ್ತಿದ್ದರು. ನನ್ನ ಬಾಲ್ಯದ ದುಃಖಗಳಲ್ಲಿ ಇದೂ ಒಂದು. ಅಕ್ಕ ಗೀತೆಗೆ ಬಂದ ಮೇಲೆ ಒಮ್ಮೆ, ಹಳೆಯದನ್ನೇ ಇನ್ನೊಂದು ಸಲ ಹಾಡೆಂದು ಕೇಳಿದ್ದಕ್ಕೆ "ಅದು ಚಿಕ್ಕ ಮಕ್ಕಳದ್ದು ಕಣೋ" ಎಂದು ಮೂಗು ಮುರಿದಿದ್ದಳು.

ಅರವತ್ತು ದಾಟಿದ ಮೇಲೆ ನನ್ನ ಅಭಿರುಚಿಗೆ ತಕ್ಕ ವಿದ್ಯಾರ್ಥಿಯೊಬ್ಬ ಸಿಕ್ಕಿದ್ದಾನೆ. ಎಂಟು ಸ್ವರ ಹೇಳಿಕೊಟ್ಟರೆ ಅದನ್ನೇ ರಾತ್ರಿಯಿಡೀ ಒಪ್ಪಿಸುತ್ತಾನೆ. ಬಡ್ತಿ ಕೇಳುವುದಿಲ್ಲ, ನೀರು ಕೇಳುವುದಿಲ್ಲ, ಶಿವರಾತ್ರಿಗೆ ರಜ ಕೇಳುವುದಿಲ್ಲ. ಹೆಸರು ಸೀಕ್ವೆನ್ಸರ್.

ಇವನು ಮಾಡ್ಯುಲರ್ ಸಿಂಥಸೈಜರ್ ಎಂಬ ದೊಡ್ಡ ಸಂಸಾರದ ಒಬ್ಬ ಸದಸ್ಯ. ಅದನ್ನು ವಾದ್ಯ ಎನ್ನಲು ನಮ್ಮ ಮನೆಯಲ್ಲಿ ಯಾರೂ ತಯಾರಿಲ್ಲ. ತಂತಿಯಿಲ್ಲ, ರೀಡಿಲ್ಲ, ಚರ್ಮವಿಲ್ಲ, ಹಾರ್ಮೋನಿಯಂನಂಥ ಮನೆಗಳೂ ಇಲ್ಲ. ಒಂದು ಚೌಕಟ್ಟು, ಅದರಲ್ಲಿ ಸಾಲಾಗಿ ಅಲ್ಯೂಮಿನಿಯಂ ಪಟ್ಟಿಗಳು. ಒಂದೊಂದು ಪಟ್ಟಿಗೂ ಒಂದೊಂದೇ ಕೆಲಸ. ಆಸಿಲೇಟರ್ ದನಿ ಹುಟ್ಟಿಸುತ್ತದೆ, ಫಿಲ್ಟರ್ ಆ ದನಿಯ ಚೂಪನ್ನು ಸವರುತ್ತದೆ, ಇನ್ನೊಂದು ಅದನ್ನು ಜೋರು ಮಾಡುತ್ತದೆ ಇಲ್ಲವೇ ಸುಮ್ಮನಿರಿಸುತ್ತದೆ, ಕ್ಲಾಕ್ ಎಂಬುದು ಟಿಕ್ ಟಿಕ್ ಎಂದು ತಾಳ ಹಾಕುತ್ತದೆ. ಇವುಗಳ ನಡುವೆ ಮಾತುಕತೆ ಇಲ್ಲ. ಎರಡು ತುದಿಗೂ ಪಿನ್ನಿರುವ ವೈರುಗಳನ್ನು ನೀವೇ ಚುಚ್ಚಿ, ಯಾರು ಯಾರ ಮಾತು ಕೇಳಬೇಕು ಎಂದು ಗೊತ್ತುಮಾಡಬೇಕು. ವೈರು ಚುಚ್ಚದಿದ್ದರೆ ಅಷ್ಟು ದುಡ್ಡು ಸುರಿದ ಸಾಮಾನು ಮೌನವ್ರತ ಹಿಡಿದು ಕೂತಿರುತ್ತದೆ. ಎಷ್ಟು ದುಡ್ಡು ಎಂಬುದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಸೀಕ್ವೆನ್ಸರಿನಲ್ಲಿ ಎಂಟು ಗುಂಡಿ, ಎಂಟು ಕೆಂಪು ದೀಪ. ಕ್ಲಾಕಿನ ಒಂದೊಂದು ಏಟಿಗೂ ದೀಪ ಒಂದು ಮನೆ ಮುಂದೆ ಹೋಗುತ್ತದೆ. ದೀಪ ನಿಂತ ಮನೆಯ ಗುಂಡಿಯನ್ನು ಎಷ್ಟು ತಿರುಗಿಸಿರುತ್ತೀರೋ ಅಷ್ಟು ವೋಲ್ಟೇಜು ಹೊರಗೆ ಬರುತ್ತದೆ. ಅದನ್ನು ಆಸಿಲೇಟರಿಗೆ ಕೊಟ್ಟರೆ ಅದೇ ಸ್ವರ. ಅಮೆರಿಕದ ರಾಬರ್ಟ್ ಮೂಗ್ 1960ರ ದಶಕದಲ್ಲಿ ರೂಢಿಗೆ ತಂದ ಲೆಕ್ಕದಲ್ಲಿ ಒಂದು ವೋಲ್ಟಿಗೆ ಒಂದು ಸ್ಥಾಯಿ. ಮಂದ್ರದ ಷಡ್ಜದಿಂದ ಮಧ್ಯದ ಷಡ್ಜಕ್ಕೆ ಒಂದು ವೋಲ್ಟು, ಅಲ್ಲಿಂದ ತಾರಕ್ಕೆ ಇನ್ನೊಂದು. ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕೆ ಸುಮಾರು 83 ಮಿಲಿವೋಲ್ಟು. ಹೀಗಾಗಿ ಮಾಯಾಮಾಳವಗೌಳವನ್ನು ಕರೆಂಟಿನಲ್ಲಿ ಅಳೆದು ಗುಂಡಿಗಳಿಗೆ ತುಂಬಬಹುದು. ಎಂಟನೆಯ ಮನೆ ಮುಗಿದೊಡನೆ ದೀಪ ಮೊದಲನೆಯ ಮನೆಗೆ ಬರುತ್ತದೆ. ಎರಡನೇ ಕಾಲ ಬೇಕೆಂದರೆ ಕ್ಲಾಕನ್ನು ತಿರುಗಿಸಿದರಾಯಿತು. ಎರಡನೇ ವರಸೆಯ ಮಾತನ್ನು ಮಾತ್ರ ಅವನು ಎತ್ತುವುದೇ ಇಲ್ಲ.

ಇಂಥವನೊಬ್ಬ ನನಗೆ ಹಿಡಿಸಿದ್ದಕ್ಕೆ ಅಕ್ಕನ ಪಾಠ ಅರ್ಧ ಕಾರಣ. ಇನ್ನರ್ಧ ಕಾರಣ ನನ್ನ ನೌಕರಿ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವನು. ಈಗಿನ ಎಕ್ಸ್‌ಚೇಂಜಲ್ಲ, ಸ್ಟ್ರೌಜರ್ ಎಕ್ಸ್‌ಚೇಂಜು. ಆಲ್ಮನ್ ಸ್ಟ್ರೌಜರ್ ಎಂಬಾತ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹೆಣ ಸಾಗಿಸುವ ವ್ಯಾಪಾರ ಮಾಡುತ್ತಿದ್ದ. ಊರಿನ ಟೆಲಿಫೋನ್ ಆಪರೇಟರು ಎದುರಾಳಿ ವ್ಯಾಪಾರಿಯ ಹೆಂಡತಿಯಾಗಿದ್ದು, ಸತ್ತವರ ಮನೆಯವರು ಸ್ಟ್ರೌಜರನನ್ನು ಕೇಳಿದರೂ ಲೈನನ್ನು ತನ್ನ ಗಂಡನಿಗೇ ಕೊಡುತ್ತಿದ್ದಳೆಂದು ಕಥೆ. ಆ ಹೊಟ್ಟೆಕಿಚ್ಚಿನಲ್ಲಿ ಆತ ಆಪರೇಟರೇ ಬೇಡದ ಯಂತ್ರ ಕಟ್ಟಿ 1891ರಲ್ಲಿ ಪೇಟೆಂಟ್ ಪಡೆದ. ಅದೇ ಜಾತಿಯ ಯಂತ್ರಗಳನ್ನು ನಮ್ಮ ಬೆಂಗಳೂರಿನ ದೂರವಾಣಿನಗರದಲ್ಲಿ ಐ.ಟಿ.ಐ. ಕಾರ್ಖಾನೆ ಮಾಡುತ್ತಿತ್ತು. ಚಂದಾದಾರ ಒಂದು ಅಂಕಿ ತಿರುಗಿಸಿದರೆ ಸೆಕೆಂಡಿಗೆ ಹತ್ತರಂತೆ ಮಿಡಿತಗಳು ಬರುತ್ತವೆ. ಸೆಲೆಕ್ಟರಿನ ಹಿತ್ತಾಳೆ ತೋಳು ಟಕ ಟಕ ಟಕ ಎಂದು ಅಷ್ಟು ಮೆಟ್ಟಿಲು ಮೇಲೇರುತ್ತದೆ, ಆಮೇಲೆ ಪಕ್ಕಕ್ಕೆ ತಿರುಗಿ ಖಾಲಿ ಲೈನು ಹುಡುಕುತ್ತದೆ. ಹಗಲು ಹೊತ್ತು ಇಂಥ ನೂರಾರು ತೋಳುಗಳು ಒಟ್ಟಿಗೆ ಆಡಿ, ಹಾಲಿನೊಳಗೆ ಆಲಿಕಲ್ಲು ಮಳೆ ಸುರಿಯುತ್ತಿತ್ತು.

ರಾತ್ರಿ ಪಾಳಿಯ ಮಾತೇ ಬೇರೆ. ಎರಡು ಗಂಟೆ ದಾಟಿದ ಮೇಲೆ ಊರು ಮಲಗಿ ಯಂತ್ರವೂ ಸುಮ್ಮನಾಗುತ್ತಿತ್ತು. ಹಾಗಿರುವಾಗ ಎಲ್ಲೋ ಒಂದು ರಿಲೇ ಕ್ಲಿಕ್ ಎನ್ನುವುದು. ಮೊದಲ ಸಾಲಿನಲ್ಲಿ ಟಕ ಟಕ, ತುಸು ತಡೆದು ಎರಡನೆಯ ಸಾಲಿನಲ್ಲಿ ಟಕ ಟಕ ಟಕ ಟಕ, ಆಮೇಲೆ ಕಿಟಕಿಯ ಕಡೆಯ ಕೊನೆಯ ಸಾಲು. ಕುರ್ಚಿಯಿಂದ ಏಳದೆಯೇ ಒಂದು ಕರೆ ಹಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋದದ್ದು ಕಿವಿಗೆ ಗೊತ್ತಾಗುತ್ತಿತ್ತು. ಆ ಮೇಲೆ ಗಂಟೆಯ ಲಯ: ಅರ್ಧ ಸೆಕೆಂಡಿಗೆ ತುಸು ಕಡಿಮೆ ಒಂದು ಟ್ರಿಣ್, ಚೂರು ಬಿಡುವು, ಇನ್ನೊಂದು ಟ್ರಿಣ್, ಎರಡು ಸೆಕೆಂಡು ಮೌನ. ಮೂರು ಸೆಕೆಂಡಿನ ಆವರ್ತ. ಆ ಹೊತ್ತಿನಲ್ಲಿ ಊರಿಗೆ ಬರುವ ಕರೆಯೆಂದರೆ ಎಲ್ಲೋ ಮಗು ಹುಟ್ಟಿರಬೇಕು, ಇಲ್ಲವೇ ಯಾರೋ ಹೋಗಿರಬೇಕು. ಎಷ್ಟು ಆವರ್ತ ಆದ ಮೇಲೆ ಎತ್ತುತ್ತಾರೆ ಎಂದು ಎಣಿಸುತ್ತ ಕೂರುತ್ತಿದ್ದೆ. ಬೇಗ ಎತ್ತಿದರೆ ಆ ಮನೆಯಲ್ಲಿ ಯಾರೂ ಮಲಗಿಲ್ಲ ಎಂದು ಅರ್ಥ.

ಆಮೇಲೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದವು. 1984ರಲ್ಲಿ ಹುಟ್ಟಿದ ಸಿ-ಡಾಟ್ ರೂಪಿಸಿದ 128 ಪೋರ್ಟಿನ ಹಳ್ಳಿ ಎಕ್ಸ್‌ಚೇಂಜು ಮೊದಲು ಕೆಲಸಕ್ಕೆ ನಿಂತದ್ದು ನಮ್ಮ ಕಿತ್ತೂರಿನಲ್ಲೇ, 1986ರಲ್ಲಿ. ದೇಶಕ್ಕೆ ಒಳ್ಳೆಯದೇ ಆಯಿತು. ಫೋನಿಗೆ ಅರ್ಜಿ ಹಾಕಿ ಮೊಮ್ಮಕ್ಕಳ ಕಾಲಕ್ಕೆ ಕಾಯುವುದು ತಪ್ಪಿತು. ನಮ್ಮಲ್ಲಿಗೂ ಒಂದು ದಿನ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬಂತು, ಅದರ ಜೊತೆ ಏಸಿ ಬಂತು, ಚಪ್ಪಲಿ ಹೊರಗೆ ಬಿಡಬೇಕೆಂಬ ಬೋರ್ಡು ಬಂತು. ಹಳೆಯ ಸಾಲುಗಳನ್ನು ಗುಜರಿಗೆ ಹಾಕುವಾಗ ಹಿತ್ತಾಳೆ ಎಷ್ಟು, ಕಬ್ಬಿಣ ಎಷ್ಟು, ತಾಮ್ರ ಎಷ್ಟು ಎಂದು ಪಟ್ಟಿ ಮಾಡಿ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಸದ್ದಿಗೆ ಆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಮುಂದಿನದು ಜರ್ಮನಿಯ ಕಥೆ. ಮಗ ಸೊಸೆ ಮ್ಯೂನಿಕ್ಕಿನಲ್ಲಿ. ಮೊಮ್ಮಗಳು ಹುಟ್ಟಿದಾಗ ಹೆಂಡತಿ ಬಾಣಂತನಕ್ಕೆ ಹೋದಳು, ನಾನು ಲಗೇಜಿಗೆ ಹೋದೆ. ಕೂಸಿಗೆ ರಾತ್ರಿ ನಿದ್ದೆಯಿಲ್ಲ. ಅಜ್ಜಿಯ ಜೋಗುಳ, ಬಜೆ, ಉಯ್ಯಾಲೆ ಎಲ್ಲ ಸೋತ ಮೇಲೆ ಮಗ ಫೋನಿನಲ್ಲಿ ಏನೋ ಹಚ್ಚಿದ. ರೇಮಂಡ್ ಸ್ಕಾಟ್ ಎಂಬ ಅಮೆರಿಕದ ಸಂಗೀತಗಾರ 1960ರ ದಶಕದಲ್ಲಿ ಹಸುಗೂಸುಗಳಿಗೆಂದೇ ಮಾಡಿದ ಎಲೆಕ್ಟ್ರಾನಿಕ್ ಸಂಗೀತದ ರೆಕಾರ್ಡು ಅದು. ಮೂರು ಭಾಗ: ಆರು ತಿಂಗಳವರೆಗಿನ ಕೂಸಿಗೆ ಒಂದು, ವರ್ಷದವರೆಗೆ ಒಂದು, ಒಂದೂವರೆ ವರ್ಷದವರೆಗೆ ಇನ್ನೊಂದು. ಪುಟ್ಟದೊಂದು ರಾಗದ ತುಣುಕು ಸುತ್ತುತ್ತಲೇ ಇರುತ್ತದೆ, ಬಹಳ ಹೊತ್ತಿನ ಮೇಲೆ ಒಂದು ಸ್ವರ ಬದಲಾಗುತ್ತದೆ, ಮತ್ತೆ ಸುತ್ತುತ್ತದೆ. ಕೂಸು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೇಳಿತು. ನಿದ್ದೆ ಹೋದವನು ನಾನು.

ಬೆಳಿಗ್ಗೆ ಎದ್ದವನೇ ಮಗನನ್ನು ಕೇಳಿದೆ: "ಇವನು ಟೆಲಿಫೋನಿನವನೇನೋ?" ಮಗ ನಕ್ಕ, ಆಮೇಲೆ ಹುಡುಕಿ ನೋಡಿ ನಗು ನಿಲ್ಲಿಸಿದ. ಸ್ಕಾಟ್ 1950ರ ದಶಕದಲ್ಲೇ ನ್ಯೂಯಾರ್ಕಿನ ಹತ್ತಿರದ ತನ್ನ ಮನೆಯಲ್ಲಿ, ಎಕ್ಸ್‌ಚೇಂಜಿನಲ್ಲಿ ಬಳಸುವಂಥ ರಿಲೇ ಮತ್ತು ಸ್ಟೆಪ್ಪಿಂಗ್ ಸ್ವಿಚ್ಚುಗಳನ್ನು ಗೋಡೆ ತುಂಬ ಕೂಡಿಸಿ, ಸ್ವರಗಳು ಸರದಿಯ ಮೇಲೆ ಬರುವ ಯಂತ್ರ ಕಟ್ಟಿದ್ದನಂತೆ. ಆ ಗೋಡೆಯನ್ನು ಬೆರಗಾಗಿ ನೋಡಿ ಹೋದವರಲ್ಲಿ ಹುಡುಗ ರಾಬರ್ಟ್ ಮೂಗ್ ಕೂಡ ಒಬ್ಬ, ಅಪ್ಪನ ಜೊತೆ ಬಂದಿದ್ದನಂತೆ. ಮೂಗ್ ಮುಂದೆ ತನ್ನ ಸಿಂಥಸೈಜರಿಗೆ ಹಾಕಿದ ವೈರುಗಳ ಕಾಲಿಂಚಿನ ಪಿನ್ನು ಕೂಡ ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಬೋರ್ಡಿನಲ್ಲಿ ಹುಟ್ಟಿದ್ದು. ಇಷ್ಟೆಲ್ಲ ತಿಳಿದ ಮೇಲೆ ಇದು ವಿದೇಶಿ ಹುಚ್ಚು ಎನ್ನಲು ನಾನು ಒಪ್ಪಲಿಲ್ಲ. ಇದು ನಮ್ಮ ಇಲಾಖೆಯ ಸಾಮಾನು.

ಮ್ಯೂನಿಕ್ಕಿನ ಪಕ್ಕದಲ್ಲೇ ಗ್ರೇಫೆಲ್ಫಿಂಗ್ ಎಂಬ ಊರಿದೆ. ಡೀಟರ್ ಡೋಪ್ಫರ್ ಎಂಬವರು 1990ರ ದಶಕದ ನಡುವೆ ಅಲ್ಲಿಂದ ಹೊರತಂದ ಎ-100 ಎಂಬ ಸಣ್ಣ ಅಳತೆಯ ಮಾಡ್ಯುಲರ್ ಈಗ ಜಗತ್ತಿಗೆಲ್ಲ ಮಾದರಿ. ಪಟ್ಟಿಯ ಎತ್ತರ 128.5 ಮಿಲಿಮೀಟರು, ಪಿನ್ನು ಹೆಡ್‌ಫೋನಿನ ಸಣ್ಣ ಪಿನ್ನು. ಯಾವ ದೇಶದ ಯಾರು ಮಾಡಿದ ಪಟ್ಟಿಯಾದರೂ ಇದರೊಳಗೆ ಕೂರುತ್ತದೆ. ಮಗ ಯಾರೋ ಬಳಸಿ ಬಿಟ್ಟದ್ದನ್ನು ಕೊಡಿಸಿದ. ಊರಿಗೆ ಮರಳುವಾಗ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಸೂಟ್‌ಕೇಸ್ ತೆರೆಸಿ, ಗುಂಡಿಗಳ ಕಾಡನ್ನು ನೋಡಿ ಇದೇನು ಎಂದರು. ಸಂಗೀತದ ವಾದ್ಯ ಎಂದೆ. "ಹಾಗಾದರೆ ಒಂದು ಹಾಡು ನುಡಿಸಿ" ಎಂದರು. ವೈರುಗಳು ಹೆಂಡತಿಯ ಸೂಟ್‌ಕೇಸಿನಲ್ಲಿದ್ದವು, ಹೆಂಡತಿ ಹಸಿರು ದಾರಿಯಲ್ಲಿ ಆಗಲೇ ಹೊರಗೆ ಹೋಗಿದ್ದಳು.

ಇನ್ನು ಅಸಲು ವಿಷಯ. ಮರುಳು ಹಿಡಿಸುವ ರಾಗವನ್ನು ಹೇಗೆ ಮಾಡುವುದು?

ಎಂಟು ಸ್ವರ ಸುಮ್ಮನೆ ಸುತ್ತಿದರೆ ಸಾಲದು. ಯಾವ ಲೆಕ್ಕವೂ ಇಲ್ಲದೆ ಸ್ವರಗಳು ಬಿದ್ದರೂ ಆಗದು. ಮೊದಲನೆಯದನ್ನು ಕಿವಿ ಬೇಗ ಕಲಿತು ಬೇರೆ ಕೆಲಸ ನೋಡಿಕೊಳ್ಳುತ್ತದೆ. ಎರಡನೆಯದರಲ್ಲಿ ಹಿಡಿಯಲು ಏನೂ ಸಿಗದೆ ಸುಸ್ತಾಗಿ ಕೂರುತ್ತದೆ. ಲೆಕ್ಕ ಇದೆ ಎಂದು ಕಿವಿಗೆ ಗೊತ್ತಾಗಬೇಕು, ಆದರೆ ಲೆಕ್ಕ ಕೈಗೆ ಸಿಗಬಾರದು. ಇದಕ್ಕೆ ನನ್ನ ಉಪಾಯ ಹೆಚ್ಚಿನದೇನಲ್ಲ, ಒಬ್ಬನ ಜೊತೆಗೆ ಇನ್ನಿಬ್ಬರನ್ನು ಸೇರಿಸುವುದು. ಎಂಟು ಮನೆಯವನದ್ದು ಸ್ವರ. ಐದು ಮನೆಯವನದ್ದು ಸ್ಥಾಯಿ: ಐದರಲ್ಲಿ ಎರಡು ಮನೆಗೆ ಪೂರ್ತಿ ಒಂದೊಂದು ವೋಲ್ಟು ತುಂಬಿ ಸ್ವರದ ವೋಲ್ಟೇಜಿಗೆ ಕೂಡಿಸಿದರೆ, ಆ ಹೊತ್ತಿಗೆ ಯಾವ ಸ್ವರ ಸಿಕ್ಕಿತೋ ಅದು ತಾರಕ್ಕೆ ಹಾರುತ್ತದೆ. ಏಳು ಮನೆಯವನದ್ದು ಒತ್ತು: ಯಾವ ಸ್ವರ ನುಡಿಯಬೇಕು, ಯಾವುದು ನುಂಗಿಕೊಳ್ಳಬೇಕು ಎಂಬುದು ಅವನ ಕೈಯಲ್ಲಿ. ಮೂವರಿಗೂ ಕ್ಲಾಕ್ ಒಂದೇ. ಒಬ್ಬೊಬ್ಬನೂ ಮಗುವಿಗೂ ಅರ್ಥವಾಗುವಷ್ಟು ಸರಳ. ಆದರೆ ಐದು, ಏಳು, ಎಂಟು ಮೂರೂ ಒಟ್ಟಿಗೆ ಮೊದಲ ಮನೆಗೆ ಬರುವುದು 280 ಏಟಿಗೊಮ್ಮೆ. ಸೆಕೆಂಡಿಗೆ ನಾಲ್ಕು ಏಟಿನಂತೆ ಒಂದು ನಿಮಿಷ ಹತ್ತು ಸೆಕೆಂಡು. ಅಷ್ಟು ಹೊತ್ತು ನಿಮ್ಮ ಕಿವಿ 'ಇದನ್ನು ಈಗಷ್ಟೇ ಕೇಳಿದೆನಲ್ಲ' ಎಂದೂ 'ಅಲ್ಲ, ಇದು ಬೇರೆ' ಎಂದೂ ತನ್ನೊಳಗೇ ವಾದ ಮಾಡುತ್ತಿರುತ್ತದೆ. ವಾದದಲ್ಲಿ ಬೇಸತ್ತು ಎಣಿಕೆ ಬಿಡುವ ಒಂದು ಗಳಿಗೆ ಬರುತ್ತದೆ. ಮಂಪರು ಶುರುವಾಗುವುದು ಅಲ್ಲಿಂದ.

ಐದರವನನ್ನೂ ಏಳರವನನ್ನೂ ಕೊಂಡು ತಂದದ್ದಲ್ಲ, ಬೆಂಗಳೂರಿನ ಎಸ್.ಪಿ. ರೋಡಿನ ಸಾಮಾನಿನಲ್ಲಿ ನಾನೇ ಬೆಸುಗೆ ಹಾಕಿ ಮಾಡಿದ್ದು. 4017 ಎಂಬ ಐಸಿ ಇದೆ. ಏಟಿಗೊಂದರಂತೆ ಹತ್ತು ಕಾಲುಗಳನ್ನು ಸರದಿಯಲ್ಲಿ ಎಬ್ಬಿಸುತ್ತದೆ. ಹತ್ತು ಬೇಡ, ಏಳು ಸಾಕೆಂದರೆ ಎಂಟನೆಯ ಕಾಲಿನಿಂದ ಒಂದು ವೈರು ತೆಗೆದು ರೀಸೆಟ್ ಕಾಲಿಗೆ ಹಾಕಬೇಕು, ಎಣಿಕೆ ಅಲ್ಲಿಗೇ ಮುಗಿದು ಮೊದಲಿಗೆ ಬರುತ್ತದೆ. ಗಣೇಶನ ಪೆಂಡಾಲಿನಲ್ಲಿ ದೀಪಗಳು ಓಡುವುದಕ್ಕೂ ಬಳಸುವ ಐಸಿ ಇದು. ಅಂಗಡಿಯವನು ಚೀಟಿ ನೋಡಿ "ಈ ಸಲ ಎಷ್ಟಡಿ ಗಣಪತಿ ಸಾರ್?" ಎಂದು ಕೇಳಿದ. ಸಂಗೀತಕ್ಕೆ ಎಂದು ವಿವರಿಸಲು ಹೋದರೆ ಹಿಂದೆ ಕ್ಯೂ ಬೆಳೆಯುತ್ತಿತ್ತು. "ಐದಡಿ" ಎಂದೆ. ಹತ್ತು ರೂಪಾಯಿ ಬಿಟ್ಟುಕೊಟ್ಟ, ದೇವರ ಕೆಲಸ ಅಂತ.

ಇಷ್ಟರ ಮೇಲೆ ಫಿಲ್ಟರ್. ಇದನ್ನು ಮಾತ್ರ ಅವಸರದಲ್ಲಿ ಮಾಡಬಾರದು. ಮುಚ್ಚಿದ ಫಿಲ್ಟರಿನಲ್ಲಿ ಸ್ವರಗಳು ಪಕ್ಕದ ಮನೆಯ ಪಾಠದಂತೆ ಮಂದವಾಗಿ ಕೇಳುತ್ತವೆ. ಅದನ್ನು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ತೆರೆಯುತ್ತ ಹೋಗಬೇಕು. ರಾಗ ಬದಲಾಗಲಿಲ್ಲ, ತಾಳ ಬದಲಾಗಲಿಲ್ಲ, ಆದರೂ ಗೋಡೆ ತೆಳ್ಳಗಾಗುತ್ತ ಬಂತು ಎನ್ನಿಸುತ್ತದೆ. ಮೈ ನವಿರೇಳುವುದು ಇಲ್ಲೇ. ಹೊಸಬರು ತಡೆಯಲಾರದೆ ಸರ್ರನೆ ತಿರುಗಿಸಿಬಿಡುತ್ತಾರೆ. ಅವರಿಗೆ ನಾನು ಕೊಡುವ ಸಲಹೆ, ಆ ಕೈಯಲ್ಲಿ ಕಾಫಿ ಲೋಟ ಹಿಡಿದುಕೊಳ್ಳಿ ಎಂಬುದು.

ಈ ವಿದ್ಯೆಯ ದೊಡ್ಡ ಉಸ್ತಾದರು ಬರ್ಲಿನ್ನಿನ ಟ್ಯಾಂಜರಿನ್ ಡ್ರೀಮ್ ತಂಡದವರು. 1974ರಲ್ಲಿ ಬಂದ ಅವರ 'ಫೀಡ್ರಾ' ರೆಕಾರ್ಡಿನ ಮೊದಲ ಕೃತಿ ಹದಿನೇಳು ನಿಮಿಷಕ್ಕೂ ಹೆಚ್ಚು. ಕ್ರಿಸ್ಟೋಫರ್ ಫ್ರಾಂಕೆ ದೊಡ್ಡ ಮೂಗ್ ಯಂತ್ರದ ಸೀಕ್ವೆನ್ಸರನ್ನು ಓಡಲು ಬಿಟ್ಟಿದ್ದಾರೆ. ಓಡುತ್ತ ಓಡುತ್ತ ಯಂತ್ರ ಬಿಸಿಯಾಗಿ ಆಸಿಲೇಟರುಗಳ ಶ್ರುತಿ ಜಾರಿದೆ. ವೋಲ್ಟೇಜನ್ನು ಸ್ವರ ಮಾಡುವ ಟ್ರಾನ್ಸಿಸ್ಟರುಗಳಿಗೆ ಸೆಕೆ ಆಗಿಬರುವುದಿಲ್ಲ, ಅದು ಅವುಗಳ ಹುಟ್ಟುಗುಣ. ಅವರು ಆ ಜಾರಿದ್ದನ್ನು ಹಾಗೇ ರೆಕಾರ್ಡಿನಲ್ಲಿ ಉಳಿಸಿಕೊಂಡರು. ಕೇಳುತ್ತ ಹೋದರೆ ಶ್ರುತಿ ತಪ್ಪಿದ ಜಾಗದಲ್ಲೇ ಎದೆ ಹಿಂಡಿದಂತಾಗುತ್ತದೆ. ಶ್ರುತಿಶುದ್ಧಿಯ ಬಗ್ಗೆ ಉಪದೇಶ ಕೇಳುತ್ತ ಬೆಳೆದ ನಮ್ಮಂಥವರಿಗೆ ಇದನ್ನು ಇಷ್ಟಪಡುವುದೇ ಸ್ವಲ್ಪ ಕದ್ದು ತಿಂದ ಹಾಗೆ.

ಇದೆಲ್ಲ ಜರ್ಮನಿ, ಅಮೆರಿಕದ ಮಾತು ಎಂದು ಯಾರಾದರೂ ಅಂದರೆ ನಾನು ಅಹಮದಾಬಾದನ್ನು ಮುಂದಿಡುತ್ತೇನೆ. 1969ರಲ್ಲೇ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೂಗ್ ಬಂದಿತ್ತು. ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಕೂಡಿಸಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನ್‌ರಾಜ್ ಜೋಶಿಪುರ ಮೊದಲಾದವರು ಅದರ ಮುಂದೆ ಕೂತು ಟೇಪು ತುಂಬಿದರು. ಆಮೇಲೆ ಸ್ಟುಡಿಯೋ ನಿಂತಿತು, ಟೇಪುಗಳು ಸಂಸ್ಥೆಯ ಕಪಾಟು ಸೇರಿದವು. ಇಂಗ್ಲೆಂಡಿನ ಪಾಲ್ ಪರ್ಗಾಸ್ ಎಂಬ ಕಲಾವಿದ ಅವನ್ನು ಹುಡುಕಿ ತೆಗೆದು ಧೂಳು ಝಾಡಿಸಿದ ಮೇಲೆ, 2023ರಲ್ಲಿ ರೆಕಾರ್ಡಾಗಿ ಹೊರಬಂದವು. ಅರ್ಧ ಶತಮಾನ ಕಪಾಟಿನಲ್ಲಿ! ಸರ್ಕಾರಿ ನೌಕರನಾಗಿದ್ದವನಿಗೆ ಇದು ಆಶ್ಚರ್ಯವಲ್ಲ. ಸಿಕ್ಕಿತಲ್ಲ ಎಂಬುದೇ ಆಶ್ಚರ್ಯ. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಡಿಸ್ಕೋ ತಾಳಕ್ಕೆ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ನುಡಿಸಿದ್ದರು. ಅದರಲ್ಲಿ ಭೈರವ್ ಕೂಡ ಇದೆ, ಅಂದರೆ ನಮ್ಮ ಮಾಯಾಮಾಳವಗೌಳದ್ದೇ ಸ್ವರಗಳು. ಆಗ ಕೇಳಿದವರು ಕಡಿಮೆ. ಜಗತ್ತು ಅದನ್ನು ಎತ್ತಿಕೊಂಡು ಮುದ್ದಾಡಿದ್ದು 2010ರಲ್ಲಿ ಮತ್ತೆ ಅಚ್ಚಾದ ಮೇಲೆ.

ಟೇಪಾದರೂ ಕಪಾಟಿನಲ್ಲಿ ಉಳಿದೀತು. ಮಾಡ್ಯುಲರಿಗೆ ನೆನಪೆಂಬುದೇ ಇಲ್ಲ. ವೈರು ಕಿತ್ತರೆ ರಾಗ ಹೋಯಿತು. ಗುಂಡಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೆ ಅದೇ ರಾಗ ಅಲ್ಲ. ಫೋಟೋ ಹಿಡಿದಿಡೋಣವೆಂದರೆ ವೈರುಗಳ ಜಟೆಯಲ್ಲಿ ಗುಂಡಿಗಳೇ ಕಾಣುವುದಿಲ್ಲ. ಹಳೆಯ ಅಭ್ಯಾಸದಂತೆ ನಾನು ಡ್ಯೂಟಿ ರಿಜಿಸ್ಟರಿನ ಮಾದರಿಯಲ್ಲಿ ಗೆರೆ ಹಾಕಿದ ಪುಸ್ತಕವಿಟ್ಟಿದ್ದೇನೆ: ಯಾವ ವೈರು ಎಲ್ಲಿಂದ ಎಲ್ಲಿಗೆ, ಯಾವ ಗುಂಡಿ ಗಡಿಯಾರದ ಎಷ್ಟು ಗಂಟೆಗೆ ಮುಖ ಮಾಡಿತ್ತು. ಅದನ್ನು ನೋಡಿಕೊಂಡು ಮತ್ತೆ ಚುಚ್ಚಿದರೆ ಬರುವುದು ಆ ರಾಗದ ದಾಯಾದಿ ಮಾತ್ರ. ಒಂದು ಆಷಾಢದ ಸಂಜೆ ಹೊರಗೆ ಜಿಟಿಜಿಟಿ ಮಳೆ, ಒಳಗೆ ಮೂವರೂ ಹದವಾಗಿ ಸುತ್ತುತ್ತಿದ್ದರು. ಹುರುಳಿಕಾಯಿಯ ನಾರು ಬಿಡಿಸುತ್ತಿದ್ದ ಹೆಂಡತಿ ತಟ್ಟೆಯನ್ನು ಹಾಗೇ ಹಿಡಿದು ಬಾಗಿಲಿಗೆ ಬಂದು ಒರಗಿ ನಿಂತಳು. ಎಷ್ಟು ಹೊತ್ತೋ. ಆಮೇಲೆ "ಇದು ಪರವಾಗಿಲ್ಲರೀ" ಎಂದು ಹೋದಳು. ನಮ್ಮ ದಾಂಪತ್ಯದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬಂದಿಲ್ಲ. ಆ ರಾತ್ರಿ ಕರೆಂಟು ಹೋಗಿ ಬಂತು, ಒಂದೆರಡು ಗುಂಡಿ ಮುಟ್ಟಿದೆ, ಮತ್ತೆ ಅದು ಸಿಗಲಿಲ್ಲ. ರೆಕಾರ್ಡ್ ಮಾಡಿಕೊಳ್ಳಬಾರದೇ ಎಂದು ಮಗ ಕೇಳುತ್ತಾನೆ. ಬೇಕಾದಷ್ಟು ಮಾಡಿದ್ದೇನೆ. ಆದರೆ ರೆಕಾರ್ಡಿಗೆ ತಿರುಗಿಸಲು ಗುಂಡಿಗಳಿಲ್ಲ, ಅಲ್ಲಿ ನನಗೇನೂ ಕೆಲಸವಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಅಕ್ಕ ಬಂದಿದ್ದಳು, ಶಿವಮೊಗ್ಗದಿಂದ. ಯಾರದೋ ಮದುವೆ ಮುಗಿಸಿ ರಾತ್ರಿ ರೈಲಿಗೆ ಹೊರಡುವವಳು. ಈಗಲೂ ಬೀದಿಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ಯಂತ್ರವನ್ನು ನೋಡಿ, "ಈ ವಯಸ್ಸಿನಲ್ಲಿ ಇದೇನೋ ಮಾರಾಯ" ಎಂದಳು. ಅವಳ ಚೀಲದಲ್ಲೂ ಒಂದು ಎಲೆಕ್ಟ್ರಾನಿಕ್ ತಂಬೂರಿ ಇತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಜಿ. ರಾಜ್ ನಾರಾಯಣ್ ಎಂಬ ಕೊಳಲು ನುಡಿಸುವ ಎಂಜಿನಿಯರು 1979ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ರಾಡೆಲ್ ಪೆಟ್ಟಿಗೆಗಳ ವಂಶದ್ದು. ದಿನವಿಡೀ ನಾಲ್ಕು ತಂತಿ ಮೀಟುತ್ತಲೇ ಇರುವ ಅದೂ ನನ್ನವನ ಜಾತಿಯವನೇ. ಹಾಗೆಂದು ಅವಳಿಗೆ ಹೇಳುವ ಧೈರ್ಯ ಮಾಡಲಿಲ್ಲ.

ಅವಳ ತಂಬೂರಿಗೆ ಆಸಿಲೇಟರನ್ನು ಸೇರಿಸಿ ಮೂವರನ್ನೂ ಓಡಲು ಬಿಟ್ಟೆ. ಅಕ್ಕನ ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ಆದಿತಾಳ ಹಾಕತೊಡಗಿತು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಾಯಿತು.

"ಒಳಗೆ ಖಂಡ ಒಂದಿದೆ, ಮಿಶ್ರ ಒಂದಿದೆ."

"ಹೌದು, ಐದು ಮತ್ತು ಏಳು."

"ಸಮಕ್ಕೆ ಬರೋದು ಯಾವಾಗ?"

"ಒಂದು ನಿಮಿಷ ಹತ್ತು ಸೆಕೆಂಡಿಗೊಮ್ಮೆ."

"ತನಿ ಆವರ್ತನಕ್ಕೆ ಕೂತವರು ಬಿಡುಗಡೆನೇ ಇಲ್ಲದೆ ಸಿಕ್ಕಿಬಿದ್ದ ಹಾಗಿದೆ" ಎಂದಳು. ಕೈ ಮಾತ್ರ ನಿಲ್ಲಿಸಲಿಲ್ಲ. "ಗಮಕ ಎಲ್ಲಿ?" ಎಂದಳು ಮತ್ತೆ. ಸ್ವರದಿಂದ ಸ್ವರಕ್ಕೆ ಜಾರಿಸುವ ಒಂದು ಪಟ್ಟಿ ಇದೆ, ಅದರೊಳಗಿಂದ ವೈರು ತೆಗೆದು ಕೇಳಿಸಿದೆ. "ಇದು ಗಮಕ ಅಲ್ಲ, ಪಾರ್ಕಿನ ಜಾರುಬಂಡೆ. ತೆಗಿ." ತೆಗೆದೆ. ಮತ್ತೊಂದು ಆವರ್ತ ಕೇಳಿ, "ಗಾಂಧಾರ ಹೆಚ್ಚಾಗಿದೆ ಕಣೋ" ಎಂದಳು.

ನಾನು ಫೋನಿನ ಟ್ಯೂನರನ್ನು ತೋರಿಸಿದೆ. ಮುಳ್ಳು ನಟ್ಟನಡುವೆ, ಹಸಿರು ದೀಪ. "ಇದು ಸರಿ ಅಂತಿದೆಯಲ್ಲ?"

"ಅದಕ್ಕೆ ಯಾರು ಪಾಠ ಹೇಳಿದ್ದು?"

ಅವಳ ಮಾತಿನಲ್ಲಿ ಲೆಕ್ಕವಿತ್ತು. ನನ್ನ ಯಂತ್ರದಲ್ಲಿ ಕ್ವಾಂಟೈಸರ್ ಎಂಬ ಪಟ್ಟಿಯಿದೆ. ಗುಂಡಿಯನ್ನು ಒರಟಾಗಿ ತಿರುಗಿಸಿದರೂ ವೋಲ್ಟೇಜನ್ನು ಪಿಯಾನೋದ ಹತ್ತಿರದ ಮನೆಗೆ ತಳ್ಳಿ ಕೂರಿಸುತ್ತದೆ. ಪಿಯಾನೋದ ಹನ್ನೆರಡು ಮನೆಗಳು ಸಮಪಾಲು, ಆ ಲೆಕ್ಕದಲ್ಲಿ ಅಂತರ ಗಾಂಧಾರ ಷಡ್ಜದಿಂದ 333 ಮಿಲಿವೋಲ್ಟು ಮೇಲೆ. ತಂಬೂರಿಯ ಷಡ್ಜದೊಳಗೆ ತಾನಾಗಿ ಕೇಳುವ ಗಾಂಧಾರ ಐದಕ್ಕೆ ನಾಲ್ಕರ ಪ್ರಮಾಣದ್ದು, ಅದು 322ಕ್ಕೇ ನಿಲ್ಲುತ್ತದೆ. ಕ್ವಾಂಟೈಸರನ್ನು ಕಿತ್ತು ಬರಿಯ ಗುಂಡಿಯನ್ನು ಆಸಿಲೇಟರಿಗೆ ಕೊಟ್ಟು, "ನೀನೇ ತಿರುಗಿಸು" ಎಂದೆ. ಅಕ್ಕ ಕನ್ನಡಕ ಏರಿಸಿ, ಬಿರಡೆ ತಿರುಗಿಸುವ ಹಾಗೆ ಎರಡು ಬೆರಳಲ್ಲಿ ಹಿಡಿದು, ದೀಪ ಆ ಮನೆಗೆ ಬಂದಾಗಲೆಲ್ಲ ತುಸು ತುಸು ಇಳಿಸಿದಳು. ನಿಲ್ಲಿಸಿದಳು. ನೌಕರಿ ಕಾಲದ ಮಲ್ಟಿಮೀಟರು ಹಚ್ಚಿ ನೋಡಿದೆ: 322. ಹನ್ನೊಂದು ಮಿಲಿವೋಲ್ಟನ್ನು ಕಿವಿಯಲ್ಲಿ ಹಿಡಿಯುವವರು ನಮ್ಮ ಇಲಾಖೆಯಲ್ಲಿದ್ದಿದ್ದರೆ ಎಷ್ಟೋ ಕೇಬಲ್ ಫಾಲ್ಟುಗಳು ಸಂಜೆಯೊಳಗೆ ಸರಿಹೋಗುತ್ತಿದ್ದವು.

ಆ ಮೇಲೆ ನಿಷಾದ, ಆ ಮೇಲೆ ಧೈವತ. ಅಷ್ಟು ಹೊತ್ತಿಗೆ ಕೋಣೆಯ ಸೆಕೆಗೆ ಆಸಿಲೇಟರ್ ಮೆಲ್ಲಗೆ ಜಾರತೊಡಗಿತು. ಬರ್ಲಿನ್ನಿನವರು ಇದನ್ನು ಹಾಗೇ ಬಿಟ್ಟರು ಎಂದು ವಿವರಿಸಿದೆ. "ಅವರಿಗೆ ಹೇಳೋರು ಕೇಳೋರು ಯಾರೂ ಇರಲಿಲ್ಲ" ಎಂದು ಅಕ್ಕ ಷಡ್ಜವನ್ನು ಮತ್ತೆ ಸೇರಿಸಿದಳು. ಅದು ಜಾರುವುದು, ಇವಳು ಸೇರಿಸುವುದು. ಎಡಗೈ ಗುಂಡಿಯ ಮೇಲೆ, ಬಲಗೈಯಲ್ಲಿ ತಾಳ. ಇದು ಅದೇ ಮೊದಲನೇ ವರಸೆ ಎಂದು ನಾನು ಅವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಾಗಿರದೆ ಇರುವುದಿಲ್ಲ. ಗೇಟಿನ ಹತ್ತಿರ ಆಟೋ ಹಾರ್ನ್ ಹೊಡೆಯಿತು. ಹೆಂಡತಿ ಒಳಗಿನಿಂದ "ಅತ್ತಿಗೇ, ಆಟೋ ಬಂತು" ಎಂದಳು. ಅಕ್ಕ ಬಾಯಿಬಿಟ್ಟರೆ ಎಣಿಕೆ ತಪ್ಪೀತೆಂದು, ನೀನು ಹೋಗಿ ನೋಡು ಎಂಬಂತೆ ಗದ್ದ ಎತ್ತಿ ತೋರಿಸಿದಳು.

ಹೊರಗೆ ಹೋಗಿ, ಒಂದು ನಿಮಿಷ ಹತ್ತು ಸೆಕೆಂಡು ನಿಲ್ಲಬೇಕಪ್ಪ ಎಂದೆ. ಅಷ್ಟು ಕರಾರುವಾಕ್ಕಾಗಿ ಯಾರೂ ಅವನನ್ನು ನಿಲ್ಲಿಸಿರಲಿಲ್ಲವೋ ಏನೋ, ನನ್ನನ್ನೊಮ್ಮೆ ನೋಡಿದ. ಇಂಜಿನ್ ಆಫ್ ಮಾಡಿ ಕಿಟಕಿಯ ಕಡೆ ಕಿವಿಗೊಟ್ಟ.

"ಸಾರ್, ಒಳಗಡೆ ಮ್ಯೂಸಿಕ್ಕು ಎಲ್ಲೋ ಸಿಕ್ಕಾಕ್ಕೊಂಡಿದೆ, ಅಲ್ಲೇ ಅಲ್ಲೇ ಸುತ್ತುತಾ ಇದೆ. ಮೊದಲು ಅದನ್ನ ನೋಡಿ" ಎಂದು ಹೇಳಿ, ವೇಟಿಂಗಿಗೆ ಮೀಟರು ಹಾಕಿದ.